ಲೇಬಲ್ಲಿಲ್ಲದ ಬೆಕ್ಕಿನ ಕಾಳು

ನಮ್ಮ ಮನೆಗೆ ಮೀನು ಬರುವುದಿಲ್ಲ. ಮೊಟ್ಟೆಯೂ ಇಲ್ಲ. ವಿಜಯಪುರದ ಕಡೆಯಿಂದ ಗೋವೆಯ ಫೋಂಡಾಕ್ಕೆ ಬಂದು ಇಷ್ಟು ವರ್ಷವಾದರೂ, ಮೀನಿನ ಬುಟ್ಟಿ ಹೊತ್ತವಳು ಓಣಿಗೆ ಬಂದಳೆಂದರೆ ನನ್ನ ಗಂಡ ಬಾಗಿಲು ಮುಂದೆ ಮಾಡುತ್ತಾನೆ. ಅಂಥ ಮನುಷ್ಯನೇ ಒಂದು ಸಂಜೆ ಬೆಕ್ಕಿನ ಮರಿಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಅವನು ಗೇಟು, ಗ್ರಿಲ್ಲು ಬೆಸೆಯುವ ಶೆಡ್ಡಿನ ಮುಂದೆ ಟೆಂಪೋ ಹಾಯ್ದು ಅದರ ಹಿಂಗಾಲು ಜಜ್ಜಿತ್ತು. ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಓಡಲಾರದು, ಇಲಿ ಹಿಡಿಯಲಾರದು. ಹೊರಗೆ ಬಿಟ್ಟರೆ ನಾಯಿಗಳ ಕಾಟ. ಹೀಗಾಗಿ ಅದು ಮನೆಯೊಳಗಿನ ಬೆಕ್ಕಾಯಿತು.

ನಮ್ಮಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಹಾಲನ್ನ, ಮೊಸರಿನಲ್ಲಿ ನೆನೆಸಿದ ರೊಟ್ಟಿ. ತಿನ್ನುತ್ತಿತ್ತು, ಮೈ ಮಾತ್ರ ಹಿಡಿಯಲಿಲ್ಲ. ಕೂದಲು ಹಳೇ ಪೊರಕೆಯ ಹಾಗೆ ಒರಟಾಗಿತ್ತು. ಕೊನೆಗೆ ನಾನೇ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಬೆಕ್ಕಿನ ಒಣ ಆಹಾರದ ಪೊಟ್ಟಣ ತಂದೆ. ಗಂಡ ಒಂದಿಷ್ಟು ಅಂಗೈಗೆ ಸುರಿದುಕೊಂಡು ನೋಡಿದ.

"ಇದು ಕಾಳಿದ್ದಂಗ ಐತಲ್ಲ. ಹುರದ ಕಡ್ಲಿ ಕಂಡಂಗ ಕಾಣ್ತತಿ."

"ಕೋಳಿ ಐತ್ರಿ ಅದರಾಗ. ಮೀನೂ ಐತಿ. ಹಿಂದ ಬರದಾರ ನೋಡ್ರಿ."

"ಕಣ್ಣಿಗೆ ಕಾಣಂಗಿಲ್ಲಲ್ಲ. ನಡೀತೈತಿ ಬಿಡು."

ಅಂದಿನಿಂದ ನಮ್ಮ ಮನೆಯಲ್ಲಿ ಆ ಆಹಾರದ ಹೆಸರು ಕಾಳು ಎಂದಾಯಿತು. ಜೋಳದ ಡಬ್ಬಿಯ ಪಕ್ಕದಲ್ಲೇ ಬೆಕ್ಕಿನ ಕಾಳಿನ ಡಬ್ಬಿ. ಎರಡು ತಿಂಗಳಲ್ಲಿ ಬೆಕ್ಕಿನ ಮೈ ಮಿಂಚತೊಡಗಿತು.

ನಾನು ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ಡಬ್ಬಿಗಳು ಬೆಲ್ಟಿನ ಮೇಲೆ ಹರಿದು ಬರುತ್ತವೆ. ಲೇಬಲ್ ನೆಟ್ಟಗಿದೆಯೇ, ಬ್ಯಾಚ್ ನಂಬರ್ ಮೂಡಿದೆಯೇ, ಅವಧಿ ಮುಗಿಯುವ ತಿಂಗಳು ಕಾಣುತ್ತದೆಯೇ ಎಂದು ನೋಡಿ ಮುಂದೆ ಬಿಡುವುದು ನನ್ನ ಕೆಲಸ. ಲೇಬಲ್ಲಿಲ್ಲದ ಡಬ್ಬಿಯೊಳಗೆ ಅಮೃತವಿದ್ದರೂ ಅದು ಕಸ ಎಂದು ಮೊದಲ ದಿನವೇ ಕಲಿಸಿದ್ದರು. ಆ ಚಾಳಿಯಿಂದ ಬೆಕ್ಕಿನ ಪೊಟ್ಟಣದ ಹಿಂಬದಿಯನ್ನೂ ಓದುತ್ತಿದ್ದೆ. ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೇ. ಏನೋ ಬರೆದಿದ್ದಾರೆ ಎಂಬುದೇ ಸಮಾಧಾನ.

ಇನ್ನು ನನ್ನ ಗೆಳತಿಯ ವಿಷಯ. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮದುವೆಯಾಗಿ ಈ ಓಣಿಗೆ ಬಂದವರು. ಅವಳ ಊರೂ ನಮ್ಮ ಕಡೆಯದೇ. ಭಾಷೆ ತಿಳಿಯದ ಊರಿನಲ್ಲಿ ನೀರಿನ ನಲ್ಲಿಯ ಹತ್ತಿರ ಅವಳೊಬ್ಬಳೇ ನನ್ನ ಮಾತು ತಿಳಿಯುವವಳು. ಅವಳಿಗೆ ಇಬ್ಬರು ಮಕ್ಕಳಾದರು. ನನಗೆ ಆಗಲಿಲ್ಲ. ಆಮೇಲೆ ಓಣಿಗೆ ಬಂದ ನಮ್ಮೂರಿನ ಕಡೆಯವರೊಬ್ಬರ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ದಿನ ನಾನು ಕೈ ಮುಂದೆ ಮಾಡಿದಾಗ, ಮುದುಕಿಯೊಬ್ಬಳು ಕೂಸನ್ನು ಮೆಲ್ಲಗೆ ಆಚೆ ಸರಿಸಿದ್ದಳು. ಎಲ್ಲರೂ ನೋಡಿದರು. ನನ್ನ ಗೆಳತಿ ಎದ್ದು ಬಂದು, ತನ್ನ ಕಂಕುಳಲ್ಲಿದ್ದ ಮಗಳನ್ನು ಎಲ್ಲರೆದುರು ನನ್ನ ತೊಡೆಯ ಮೇಲೆ ಕುಳ್ಳಿರಿಸಿ, "ಹಿಡಕೊ ಇಕಿನ್ನ, ನನಗ ಕೈ ಸೋತಾವು" ಅಂದಳು. ಅಷ್ಟೇ. ಆಮೇಲೆ ಆ ವಿಷಯವನ್ನು ಎಂದೂ ಎತ್ತಲಿಲ್ಲ. ಅಂಥವಳು ನನಗೆ ಒಡಹುಟ್ಟಿದವಳಿಗಿಂತ ಹೆಚ್ಚಾದದ್ದರಲ್ಲಿ ಆಶ್ಚರ್ಯವೇನು?

ಅವಳೂ ಅವಳ ಗಂಡನೂ ಓಣಿಯ ತಿರುವಿನಲ್ಲಿ ಕಿರಾಣಿ ಅಂಗಡಿ ಇಟ್ಟರು. ಈರುಳ್ಳಿ, ಬಟಾಟೆ, ಸಾಬೂನು, ಜೋಳದ ಹಿಟ್ಟು. ಒಂದು ದಿನ ಅವಳು ನನ್ನ ಕೈಯಲ್ಲಿ ಪೊಟ್ಟಣ ಕಂಡು ತಡೆದಳು.

"ಅಲ್ಲಿಂದ ಯಾಕ ತರ್ತೀ? ನಮ್ಮವರು ಈಗ ಬೆಕ್ಕಿಂದ ಚೀಲಗಟ್ಟಲೆ ತರಾಕತ್ತಾರ. ಬಿಡಿ ಕೊಡ್ತೀವಿ. ಅದ ಮಾಲು, ಚಿತ್ರದ ಪಾಕೀಟು ಇರಂಗಿಲ್ಲ ಅಷ್ಟ."

ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಳು. ಅವಳ ಕೈಯಿಂದ ಬಂದ ಸಾಮಾನಿಗೆ ನಾನು ಎಂದೂ ಲೇಬಲ್ ಕೇಳಿದವಳಲ್ಲ. ಉಪ್ಪಿನಕಾಯಿಗೆ ಕೇಳಿದ್ದೆನೇ? ಶೇಂಗಾ ಚಟ್ನಿಗೆ ಕೇಳಿದ್ದೆನೇ? ಓಣಿಯಲ್ಲಿ ಬೆಕ್ಕು ಸಾಕಿದ ಬೇರೆಯವರೂ ಅವಳ ಹತ್ತಿರವೇ ಒಯ್ಯತೊಡಗಿದರು. ನಡುವೆ ಒಮ್ಮೆ ಕಾಳಿನ ಬಣ್ಣ ಬದಲಾಯಿತು, ಗಾತ್ರವೂ ದಪ್ಪವಾಯಿತು. ಕೇಳಿದ್ದಕ್ಕೆ, "ಕಂಪನಿ ಬ್ಯಾರೆ, ಇದು ಇನ್ನೂ ಚಲೋ" ಅಂದಳು. ಬೆಕ್ಕೂ ಕಟಕಟ ಕಡಿದು ತಿಂದಿತು.

ಒಂದು ಮಳೆಗಾಲ ಹೋಗಿ ಇನ್ನೊಂದು ಬರುವ ಹೊತ್ತಿಗೆ ಬೆಕ್ಕಿನಲ್ಲಿ ಏನೋ ಬದಲಾಯಿತು. ಸೊಟ್ಟ ಕಾಲಿನಲ್ಲೇ ಅದು ಕುರ್ಚಿ ಹತ್ತಿ ಕಿಟಕಿಯ ಕಟ್ಟೆಗೆ ಹಾರುತ್ತಿತ್ತು. ಆ ನೆಗೆತ ಗುರಿ ತಪ್ಪತೊಡಗಿತು. ಒಮ್ಮೆ ಕಟ್ಟೆಯ ಅಂಚಿಗೆ ಗದ್ದ ಬಡಿದು ಕೆಳಗೆ ಬಿತ್ತು. ಕುರ್ಚಿಯನ್ನು ಕಸ ಗುಡಿಸಲು ಸರಿಸಿದ್ದರೆ, ನೇರ ಬಂದು ಅದಕ್ಕೆ ಹಾಯುತ್ತಿತ್ತು. ಮಟಮಟ ಬಿಸಿಲಿನಲ್ಲಿ ಬೆಕ್ಕಿನ ಕಣ್ಣಿನ ಪಾಪೆ ಗೆರೆಯಷ್ಟಾಗಬೇಕು. ಇದರದ್ದು ಹಗಲಲ್ಲೂ ಕಪ್ಪು ಗುಂಡಿಯ ಹಾಗೆ ಅಗಲವಾಗಿ ನಿಂತಿರುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತ ಕೂತುಬಿಡುತ್ತಿತ್ತು.

"ವಯಸ್ಸಾತು ಬಿಡು" ಅಂದ ಗಂಡ.

"ಯಾ ವಯಸ್ಸರಿ? ನಿನ್ನಿ ಮೊನ್ನಿ ಟವೆಲಿನ್ಯಾಗ ತಂದೀರಿ."

ಬುಟ್ಟಿಯಲ್ಲಿ ಕೂರಿಸಿಕೊಂಡು ಪಶುವೈದ್ಯರ ಬಳಿ ಹೋದೆ. ಗೋವೆಯ ಹೆಣ್ಣುಮಗಳು, ನಿಧಾನದ ಸ್ವಭಾವ. ಅವರು ಕೊಂಕಣಿಯಲ್ಲಿ ಮಾತಾಡಿದರು, ನಾನು ಅರ್ಧ ಹಿಂದಿಯಲ್ಲಿ ಉತ್ತರ ಕೊಟ್ಟೆ. ಟಾರ್ಚು ಹಿಡಿದರು, ಪಾಪೆ ಕದಲಲಿಲ್ಲ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು. ಇದಕ್ಕೆ ತಿನ್ನಲು ಏನು ಕೊಡುತ್ತೀರಿ? ಪೊಟ್ಟಣ ತಂದಿದ್ದೀರಾ?

ಬಿಡಿ ಮಾಲು ಎಂದೆ. ಅವರು ಹಣೆ ಒತ್ತಿಕೊಂಡರು. ತಮ್ಮ ಕಪಾಟಿನಿಂದ ಬೆಕ್ಕಿನ ಆಹಾರದ ಪೊಟ್ಟಣವೊಂದನ್ನು ತೆಗೆದು, ಹಿಂಬದಿಗೆ ಬೆರಳಿಟ್ಟು ಓದಿಸಿದರು. ಯಾವುದು ಹೆಚ್ಚು ತೂಕವೋ ಅದರ ಹೆಸರು ಮೊದಲು ಬರುತ್ತದೆ. ಮೊದಲ ಹೆಸರು ಕೋಳಿಯೋ ಮೀನೋ ಆಗಿರಲಿ. ಮೆಕ್ಕೆಜೋಳ, ಗೋಧಿ, ಸೋಯಾ ಮುಂದೆ ಕೂತು ಮಾಂಸ ಹಿಂದೆ ಸರಿದಿದ್ದರೆ ಅದು ಹೊಟ್ಟೆ ತುಂಬಿಸುವ ಹಿಟ್ಟು. ಪ್ರೋಟೀನು, ಕೊಬ್ಬು, ನಾರು, ತೇವ, ಬೂದಿ ಎಂದು ಬರೆಯುವ ಖನಿಜಾಂಶ ಇವೆಲ್ಲ ಶೇಕಡಾದಲ್ಲಿರುತ್ತವೆ. ಪಿಷ್ಟವನ್ನು ಬಹಳ ಮಂದಿ ಅಚ್ಚು ಹಾಕುವುದೇ ಇಲ್ಲ. ಮಿಕ್ಕವನ್ನೆಲ್ಲ ಕೂಡಿಸಿ ನೂರರಲ್ಲಿ ಕಳೆದರೆ ಉಳಿದದ್ದು ಅದೇ. ಒಣ ಆಹಾರದಲ್ಲಿ ನೀರು ತೀರ ಕಡಿಮೆ, ಆದ್ದರಿಂದ ಮನೆಯಲ್ಲಿ ಎರಡು ಮೂರು ಕಡೆ ನೀರಿಡಬೇಕು. ಕೊನೆಗೆ ಸಣ್ಣ ಅಕ್ಷರದಲ್ಲಿದ್ದ ಒಂದು ಪದದ ಮೇಲೆ ಉಗುರಿಟ್ಟರು. ಟಾರಿನ್.

ಬೆಕ್ಕಿನ ಮೈ ಇದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ತಿಂದೇ ಪಡೆಯಬೇಕು, ಮಾಂಸದಿಂದ. ಇಲ್ಲದಿದ್ದರೆ ತಿಂಗಳುಗಟ್ಟಲೆ ಏನೂ ತಿಳಿಯುವುದಿಲ್ಲ. ಆಮೇಲೆ ಕಣ್ಣು ಹೋಗುತ್ತದೆ, ಹೃದಯ ಸಡಿಲಾಗುತ್ತದೆ. ನಾಯಿಗೆ ಈ ತಾಪತ್ರಯ ಕಡಿಮೆ. ಆದ್ದರಿಂದ ನಾಯಿಯ ಆಹಾರದಲ್ಲಿ ಇದನ್ನು ಹಾಕಿರಲೇಬೇಕೆಂದಿಲ್ಲ.

"ಹೃದಯ ಸುಧಾರಿಸಬಹುದು, ಕಣ್ಣು ಬರುವುದಿಲ್ಲ" ಅಂದರು. "ನೀವು ಕೊಡುತ್ತಿದ್ದದ್ದು ಯಾವುದು ಎಂದು ಮಾತ್ರ ನೋಡಿ ಹೇಳಿ."

ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋದೆ. ಬುಟ್ಟಿ ಕೈಯಲ್ಲೇ ಇತ್ತು. ನನ್ನ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ, ಇದನ್ನು ನಾನು ದೇವರ ಮುಂದೆಯೂ ಹೇಳಬಲ್ಲೆ. ಅವಳಿಗೂ ಯಾರೋ ಮೋಸ ಮಾಡಿದ್ದಾರೆ, ಇಬ್ಬರೂ ಕೂಡಿ ಬೈಯೋಣ ಎಂದುಕೊಂಡೇ ಹೋದದ್ದು.

"ಕಾಳಿನ ದೊಡ್ಡ ಚೀಲ ತೋರಸ. ಡಾಕ್ಟರು ಹಿಂದ ಏನ್ ಬರದಾರ ನೋಡಂದಾರ."

"ಚೀಲ ಎಲ್ಲಿ ಇಡೂಣು? ಸುರವಿ ಒಗದಬಿಡ್ತೀವಿ."

ಅವಳು ತಕ್ಕಡಿಯ ಕಡೆ ತಿರುಗಿದಳು. ಅವಳ ಹಿಂದೆ ನೆಲದ ಮೇಲೆ ಈರುಳ್ಳಿಯ ರಾಶಿ. ಅದರ ಕೆಳಗೆ ಸೀಳಿ ಹಾಸಿದ ಮಿಂಚುವ ಚೀಲ. ಈರುಳ್ಳಿಗಳ ಸಂದಿಯಿಂದ ಒಂದು ನಾಯಿಯ ಮೂತಿ, ಹೊರಚಾಚಿದ ನಾಲಗೆ ಕಾಣುತ್ತಿತ್ತು. ನಾನು ಬುಟ್ಟಿ ಕೆಳಗಿಟ್ಟು ಕುಕ್ಕರಗಾಲಿನಲ್ಲಿ ಕೂತು ಈರುಳ್ಳಿ ಸರಿಸಿದೆ. ಬೆಳೆದ ನಾಯಿಗಳಿಗಾಗಿ ಎಂದಿತ್ತು. ಮೆಕ್ಕೆಜೋಳ ಮೊದಲು, ಆಮೇಲೆ ಅಕ್ಕಿ ತೌಡು, ಸೋಯಾ, ಅದರ ಹಿಂದೆ ಮಾಂಸದ ಪುಡಿ. ಬೆರಳಿಟ್ಟು ಕೊನೆಯವರೆಗೂ ಓದಿದೆ. ಮತ್ತೊಮ್ಮೆ ಓದಿದೆ. ಟಾರಿನ್ ಎಲ್ಲೂ ಇರಲಿಲ್ಲ.

"ಇದು ನಾಯಿದು" ಅಂದೆ.

"ಮೊದಲ ಬೆಕ್ಕಿಂದ ತರ್ತಿದ್ದ್ವಿ. ಆಮ್ಯಾಲ ಅದು ಸಿಗವಲ್ದಾತು, ಇದನ್ನ ತಂದ್ವಿ. ನಾಯಿ ಆದ್ರೇನು, ಬೆಕ್ಕ ಆದ್ರೇನು? ಎಲ್ಲಾ ತಿಂತಾವು."

"ನನಗ್ ಹೇಳಬೇಕಿತ್ತಲ್ಲ. ಅದರ ಕಣ್ಣ ಹೋಗ್ಯಾವ. ನೋಡಿಲ್ಲೆ."

ಬುಟ್ಟಿಯ ಮುಚ್ಚಳ ತೆಗೆದೆ. ಬೆಕ್ಕು ತಲೆ ಎತ್ತಿ ಅವಳ ಕಡೆಗಲ್ಲ, ಗೋಡೆಯ ಕಡೆ ನೋಡಿತು. ಅಷ್ಟರಲ್ಲಿ ಸಾಮಾನಿಗೆ ಬಂದ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕಂಡೇ ಅವಳ ಮುಖ ಬಿಗಿಯಿತು ಎಂದು ಈಗ ಅನ್ನಿಸುತ್ತದೆ.

"ಏ, ಒಂದ ಬೆಕ್ಕಿನ ಸಲುವಾಗಿ ಅಂಗಡಿ ಮುಂದ ಬಂದು ನನ್ನ ಮಾನ ಕಳೀತಿ ಏನ?" ಅಂದಳು. ದನಿ ಏರಿತು. "ಒಂದರೆ ಹಡದಿದ್ರ ಗೊತ್ತಾಗ್ತಿತ್ತು ನಿನಗ, ಯಾವುದಕ್ಕ ಅಳಬೇಕು, ಯಾವುದಕ್ಕ ಅಳಬಾರದು ಅಂತ."

ನಾನು ಬುಟ್ಟಿ ಎತ್ತಿಕೊಂಡೆ. ಬಾಗಿಲಲ್ಲಿದ್ದ ಹೆಂಗಸರು ದಾರಿ ಬಿಟ್ಟರು. ಮನೆಗೆ ಬಂದು ಡಬ್ಬಿಯಲ್ಲಿ ಉಳಿದಿದ್ದ ಕಾಳನ್ನು ಮೋರಿಗೆ ಸುರಿದೆ. ಅದು ನೀರಿನಲ್ಲಿ ಉಬ್ಬಿ ಎರಡು ದಿನ ಮೋರಿ ಕಟ್ಟಿತು.

ಗಂಡನಿಗೆ ಹೇಳಿದೆ, ಅವಳ ಕೊನೆಯ ಮಾತನ್ನೂ ಹೇಳಿದೆ. ಅವನು, "ಸಿಟ್ಟಿನ್ಯಾಗ ಅಂದಾಳ, ಬಿಡು" ಅಂದ. ಬಿಡು ಎಂಬುದು ಅವನಿಗೆ ಬಹಳ ಸಲೀಸಾದ ಮಾತು. ಆದರೂ ಆವತ್ತಿನಿಂದ ಅವನು ಆ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆಯನ್ನೂ ಕೊಂಡಿಲ್ಲ.

ಬೆಕ್ಕು ಸಾಕಿದವರ ಮನೆಗಳಿಗೆಲ್ಲ ಹೋಗಿ ಹೇಳಿಬಂದೆ. ಇದು ನಾಯಿಯ ಆಹಾರ, ಬೆಕ್ಕಿಗೆ ಕುರುಡು ಬರುತ್ತದೆ, ಕೊಡಬೇಡಿ. ಅವರ ಬೆಕ್ಕುಗಳು ಮೀನಿನ ತಲೆ ತಿನ್ನುವ, ಇಲಿ ಹಿಡಿಯುವ ಬೆಕ್ಕುಗಳು. ಅವುಗಳಿಗೆ ಏನೂ ಆಗಿರಲಿಲ್ಲ. ಒಬ್ಬಳು ತನ್ನ ಬೆಕ್ಕನ್ನು ತೋರಿಸಿ, "ನಮ್ಮದು ಆರಾಮ ಐತ್ರಿ, ನಿಮ್ಮದಕ ದೃಷ್ಟಿ ಆಗಿರಬೇಕು" ಅಂದಳು. ಇನ್ನೊಬ್ಬಳು ಒಳಗೆ ಕರೆದು ಚಹಾ ಕೊಟ್ಟು, ಅಂಗಡಿ ಚೆನ್ನಾಗಿ ನಡೆಯುವುದು ಕಂಡು ನನಗೆ ಹೊಟ್ಟೆಕಿಚ್ಚು ಎಂದು ಓಣಿಯಲ್ಲಿ ಮಾತಿದೆ ಅಂತ ತಿಳಿಸಿದಳು. ಚಹಾ ಅರ್ಧಕ್ಕೇ ಇಟ್ಟು ಎದ್ದು ಬಂದೆ. ಆಮೇಲೆ ಯಾರಿಗೂ ಏನೂ ಹೇಳಲು ಹೋಗಲಿಲ್ಲ. ಅಂಗಡಿಯ ಹೊರಗೆ ಈಗ ಬೆಕ್ಕು ನಾಯಿ ಎರಡರದೂ ಚಿತ್ರವಿರುವ ಬೋರ್ಡು ಬಂದಿದೆ.

ಬೆಕ್ಕು ಬದುಕಿತು. ವೈದ್ಯರು ಕೊಟ್ಟ ಟಾರಿನ್ ಪುಡಿಯನ್ನು ಆಹಾರಕ್ಕೆ ಬೆರೆಸಿ ಕೊಟ್ಟೆ, ಏದುಸಿರು ಕಡಿಮೆಯಾಯಿತು. ಕಣ್ಣು ಬರಲಿಲ್ಲ. ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ನಡೆಯುತ್ತದೆ. ನಾವು ಕುರ್ಚಿ, ಬಿಂದಿಗೆ, ಚಪ್ಪಲಿ ಯಾವುದನ್ನೂ ಜಾಗ ಬಿಟ್ಟು ಸರಿಸುವುದಿಲ್ಲ. ಊರಿಂದ ನೆಂಟರು ಬಂದು ಚೀಲವನ್ನು ದಾರಿಗೆ ಅಡ್ಡ ಇಟ್ಟರೆ ಗಂಡ ಎದ್ದು ತಾನೇ ತೆಗೆಯುತ್ತಾನೆ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನಾನು ಪೊಟ್ಟಣದ ಹಿಂಬದಿ ಓದಿ, ಕೂಡಿಸಿ, ಕಳೆದು ಮುಗಿಸುವವರೆಗೆ ಅವನು ಹೊರಗೆ ಬೈಕಿನ ಮೇಲೆ ಕಾಯುತ್ತಾನೆ. ಬೇಗ ಬಾ ಎಂದು ಹಾರ್ನ್ ಹಾಕುವುದಿಲ್ಲ.

ಮೊನ್ನೆ ಕೆಲಸ ಮುಗಿಸಿ ಬಸ್ಸು ಹತ್ತಿದೆ. ಖಾಲಿ ಇದ್ದದ್ದು ಒಂದೇ ಸೀಟು, ಪಕ್ಕದಲ್ಲಿ ಅವಳು. ನಿಂತೇ ಹೋಗಬಹುದಿತ್ತು. ಕಾಲು ನೋಯುತ್ತಿತ್ತು, ಕೂತೆ. ಅವಳೇ ಮೊದಲು ಮಾತಾಡಿದಳು, ನಡುವೆ ಏನೂ ಆಗದವರ ಹಾಗೆ.

"ಬೆಕ್ಕ ಹ್ಯಾಂಗೈತಿ?"

"ಐತಿ."

"ಸತ್ತಿಲ್ಲಲ್ಲ? ಹಂಗಾದ್ರ ಮತ್ಯಾಕ ಅಷ್ಟ ರಂಪ ಮಾಡಿದಿ? ಒಂದ ಪ್ರಾಣಿ ಸಲುವಾಗಿ ಮಾತ ಬಿಟ್ಟಿ."

"ಪ್ರಾಣಿ ಸಲುವಾಗಿ ಅಲ್ಲ" ಅಂದೆ. "ನೀ ಆಡಿದ ಮಾತಿನ ಸಲುವಾಗಿ."

"ಯಾ ಮಾತು?"

ನಾನು ತಿರುಗಿ ಅವಳ ಮುಖ ನೋಡಿದೆ. ನಾಟಕವಿರಲಿಲ್ಲ. ಹುಬ್ಬು ಕೂಡಿಸಿಕೊಂಡು ಖರೇನೇ ನೆನಪು ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಅದು ನೆನಪೇ ಇರಲಿಲ್ಲ. ನಾನು ನೆನಪಿಸಬೇಕೆಂದರೆ ಆ ಮಾತನ್ನು ನನ್ನ ಬಾಯಿಂದಲೇ ಇನ್ನೊಮ್ಮೆ ಆಡಬೇಕಿತ್ತು.

"ಏನಿಲ್ಲ" ಅಂದೆ.

ಇಬ್ಬರದೂ ಒಂದೇ ಸ್ಟಾಪು. ನಾನು ಮೊದಲು ಇಳಿದೆ. ಅವಳು ಸಾಮಾನಿನ ಗಂಟು ಹೊತ್ತು ಹಿಂದಿನಿಂದ ಇಳಿದಳು. ಓಣಿಯ ಏರು ಹತ್ತುವಾಗ ಬೆನ್ನ ಹಿಂದೆ ಅವಳ ಏದುಸಿರು ಕೇಳುತ್ತಿತ್ತು. ಗಂಟಿನ ಒಂದು ಕೊನೆ ಹಿಡಿಯಲು ನಾನು ತಿರುಗಲಿಲ್ಲ.