ಮುಂಡಪ್ಪಣ್ಣನ ಗರಗಸಕ್ಕೆ ಹಲಗೆ

ಡೊಂಬಿವಲಿಯ ಕಾರ್ಖಾನೆಗಳ ಬಡಾವಣೆ ಎಂಐಡಿಸಿಯಲ್ಲಿ ಒಂದೇ ಶಟರಿನ ಚಿಕ್ಕ ಕಾರ್ಖಾನೆ, ನಮ್ಮ ಗಾಲಾ. ಒಳಗೆ ಎಣ್ಣೆಯಲ್ಲಿ ಓಡುವ, ಕಲ್ಲು ಕೊಯ್ಯುವ ಗರಗಸ ಒಂದು, ಕೆಲಸದವರು ಇಬ್ಬರು, ಮಾಲೀಕರು ಗುರುರಾಜ ಸೇಠ್. ಕೊಯ್ಯುವವರು ಮುಂಡಪ್ಪಣ್ಣ. ಕೊಯ್ದ ಕಲ್ಲಿನ ಎಣ್ಣೆ ತೊಳೆಯುವವಳು ನಾನು. ಗಂಡ ತೀರಿಕೊಂಡ ಮೇಲೆ ಸೇರಿದವಳು, ಈಗ ಹನ್ನೊಂದು ವರ್ಷವಾಯಿತು.

ಮುಂಡಪ್ಪಣ್ಣ ಕಾರ್ಕಳದ ಕಡೆಯವರು. ಮೊದಲು ಕಲ್ಯಾಣದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ನಿಂತು ನಿಂತು ಕಾಲು ಊದಿಕೊಂಡಿತು. ಗರಗಸದ ಮುಂದೆ ಸ್ಟೂಲು ಹಾಕಿ ಕೂರಬಹುದೆಂದು ಇಲ್ಲಿಗೆ ಬಂದವರು, ಇಪ್ಪತ್ತಾರು ವರ್ಷದಿಂದ ಕೂತೇ ಇದ್ದಾರೆ.

ಕಲ್ಲನ್ನು ಕಚ್ಚಿ ಹಿಡಿಯಲು ಕಬ್ಬಿಣದ ವೈಸ್ ಇದೆ. ಬರೀ ಕಬ್ಬಿಣಕ್ಕೆ ಕಲ್ಲು ಜಾರುತ್ತದೆ. ಅದಕ್ಕೆ ಅದರ ಎರಡೂ ದವಡೆಗೆ ಒಂದೊಂದು ಮರದ ಹಲಗೆ ಕೂರಿಸುತ್ತಾರೆ. ಬಿಗಿದಾಗ ಕಲ್ಲಿನ ಉಬ್ಬು ಮರದೊಳಗೆ ಇಷ್ಟೇ ಇಷ್ಟು ಇಳಿಯಬೇಕು. ಸಾಗವಾನಿ ಗಟ್ಟಿ, ಇಳಿಯಗೊಡುವುದಿಲ್ಲ. ಪ್ಲೈವುಡ್ ಎಣ್ಣೆ ಕುಡಿದು ಪದರ ಬಿಡುತ್ತದೆ. ಮುಂಡಪ್ಪಣ್ಣ ಹೆಬ್ಬೆರಳಿನ ಉಗುರು ಒತ್ತಿ ಮರ ಆರಿಸುವವರು.

ಹೋದ ತಿಂಗಳು ಒಳ್ಳೆಯ ಕಲ್ಲೊಂದು ವೈಸಿನಲ್ಲೇ ತಿರುಗಿ ಚೂರಾಯಿತು. ಎರಡು ದಿನ ಅವರು ಚಹಾ ಕೂಡ ಮುಟ್ಟಲಿಲ್ಲ.

ಮೊನ್ನೆ ಮಂಗಳವಾರ ಸೀವುಡ್ಸಿನಿಂದ ವಾರಿಜಾ ಎಂಬಾಕೆ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ತಂದರು. ಕ್ವಾರಿಯಲ್ಲಿ ಲಾರಿ ಓಡಿಸುತ್ತಿದ್ದ ಗಂಡ ತಂದಿಟ್ಟದ್ದಂತೆ. ಅವರು ತೀರಿಹೋಗಿ ನಾಲ್ಕು ವರ್ಷ.

"ಇದರೊಳಗೆ ಎಂತದೋ ಉಂಟು ಅಂತಿದ್ರು. ಇಬ್ರು ಹೆಣ್ಣುಮಕ್ಕಳು, ಒಬ್ಬೊಬ್ಬಳಿಗೆ ಅರ್ಧರ್ಧ ಮಾಡಿಕೊಡಿ."

"ಒಡೆದ್ರೆ?" ಎಂದರು ಮುಂಡಪ್ಪಣ್ಣ.

"ಒಡೆದ್ರೆ ಚೂರು ಕಟ್ಟಿಕೊಂಡು ಹೋಗ್ತೇನೆ. ಆದ್ರೆ ಒಡೀಬೇಡಿ ಅಣ್ಣ."

ಸಂಜೆಗೆ ಬರುತ್ತೇನೆಂದು ಆಕೆ ಹೋದರು. ಮುಂಡಪ್ಪಣ್ಣ ಸ್ವಿಚ್ ಮುಟ್ಟಲಿಲ್ಲ.

"ರತ್ನಕ್ಕ, ಸ್ವಲ್ಪ ಬನ್ನಿ. ಈ ಹಲಗೆಗೆ ನಿಮ್ಮ ಉಗುರು ಒತ್ತಿ ನೋಡಿ."

"ನನ್ನ ಉಗುರು ಯಾಕ್ರಿ? ನಿಮ್ಮದು ಕಾಶಿಗೆ ಹೋಗೇತೇನ್ರಿ?"

"ಹೋದ ಹಾಗೇ." ಹೆಬ್ಬೆರಳು ತೋರಿಸಿದರು. ಹೋದ ವರ್ಷ ಶಟರಿನಡಿ ಸಿಕ್ಕಿದ ಬೆರಳು. ಉಗುರು ಎಮ್ಮೆ ಕೊಂಬಿನಂತೆ ದಪ್ಪಗೆ ಬಂದಿತ್ತು. "ಒತ್ತಿದ್ರೆ ಏನೂ ಗೊತ್ತಾಗುದಿಲ್ಲ, ಬೇರೆ ಬೆರಳಿಗೆ ಆ ಅಂದಾಜು ಸಿಕ್ಕುದಿಲ್ಲ. ಕಣ್ಣಂದಾಜಲ್ಲಿ ಮಾಡ್ತಿದ್ದೆ. ಹೇಳಿದ್ರೆ ಗುರುರಾಜ ಸೇಠ್ ಬೇರೆ ಕಾರಿಗಾರನನ್ನ ತಂದಾರು."

ನಾನು ಎಡಗಡೆ ಒತ್ತಿದೆ. ಉಗುರಿನ ಗುರುತು ಮೂಡಿತು. ಬಲಗಡೆ ಒತ್ತಿದೆ, ಜಾರಿತು. ಎರಡು ಸಲ, ಮೂರು ಸಲ ನೋಡಿದೆ.

"ಅಣ್ಣಾರ, ಎಡಕ್ಕ ಮೆತ್ತನ ರೊಟ್ಟಿ, ಬಲಕ್ಕ ಎಲುಬು. ಕಲ್ಲು ತಿರಗಲಾರದ ಏನ್ಮಾಡತೈತ್ರಿ?"

ಮುಂಡಪ್ಪಣ್ಣ ಬಗ್ಗಿ ಎರಡೂ ಹಲಗೆಯನ್ನು ಬಟ್ಟೆಯಿಂದ ಒರೆಸಿ ನೋಡಿದರು. ಹೋದ ತಿಂಗಳು ಆ ಕಲ್ಲು ಬಿಗಿಯುವ ಮೊದಲು ಎಡಗಡೆಯ ಹಲಗೆಯನ್ನು ಮಾತ್ರ ಬದಲಿಸಿದ್ದರು. ಬಲಗಡೆ ಕಣ್ಣಂದಾಜಿನಲ್ಲಿ ತಪ್ಪಿ ಹಾಕಿದ್ದ ಸಾಗವಾನಿ ಹಾಗೇ ಉಳಿದಿತ್ತು. ಎಣ್ಣೆಗೆ ಎರಡೂ ಒಂದೇ ಸಮ ಕಪ್ಪಾಗಿದ್ದವು, ಕಣ್ಣಿಗೆ ಹೇಗೆ ತಿಳಿಯಬೇಕು?

ಹಿಂದಿನ ಮರದ ರಾಶಿಯಲ್ಲಿ ಕೂತು ಹುಡುಕಿದೆ. ಹತ್ತು ತುಂಡು ಬಿಟ್ಟೆ. ಒಂದು ಗಂಟು, ಒಂದು ಸೀಳು, ಒಂದು ಹುಳ ತಿಂದದ್ದು, ಹೀಗೆ. ಹನ್ನೊಂದನೆಯದು ಮಾವಿನ ಹಲಗೆ. ಈ ತುದಿಯಿಂದ ಆ ತುದಿಗೆ ಉಗುರು ಒಂದೇ ಸಮ ಇಳಿಯಿತು. ಮುಂಡಪ್ಪಣ್ಣ ಅದನ್ನೇ ಎರಡು ಮಾಡಿ ಎರಡೂ ದವಡೆಗೆ ಕೂರಿಸಿದರು. ಕಲ್ಲು ಬಿಗಿದು ಇಬ್ಬರೂ ಅಲುಗಿಸಿದೆವು. ಕದಲಲಿಲ್ಲ.

ವಾರಿಜಾ ಬಂದಾಗ ಗರಗಸ ಇನ್ನೂ ಓಡುತ್ತಿತ್ತು. ಅದು ನಿಂತ ಮೇಲೆ ಮುಂಡಪ್ಪಣ್ಣ ಮುಚ್ಚಳ ತೆಗೆದರು. ನೆಟ್ಟಗೆ ಎರಡು ಹೋಳು. ಒಳಗೆ ಹೊಳೆಯುವುದೇನೂ ಇರಲಿಲ್ಲ. ಬೂದು ಕಲ್ಲು, ನಡುವೆ ಬಳೆಯಷ್ಟು ಒಂದು ಬಿಳಿ ಉಂಗುರ, ಎರಡರಲ್ಲೂ.

"ಇಷ್ಟಕ್ಕೆ ಇಪ್ಪತ್ತು ವರ್ಷ ಮಂಚದಡಿ ಇಟ್ಟುಕೊಂಡದ್ದಾ ಈ ಮನುಷ್ಯ!" ವಾರಿಜಾ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡರು.

ಆಕೆ ಹೋದ ಮೇಲೆ ಮುಂಡಪ್ಪಣ್ಣ ಹಲಗೆಗಳನ್ನು ಬಿಚ್ಚಿ ನನ್ನ ಮುಂದೆ ಹಿಡಿದರು. ಕಲ್ಲು ಕಚ್ಚಿದ ಗುರುತಿನೊಳಗೆ ಉಗುರಿಟ್ಟು ನೋಡಿದೆ.

"ಒಂದೇ ಆಳ ಐತ್ರಿ."

"ನಾಳೆ ಸೇಠ್‌ಗೆ ಹೇಳಿಬಿಡ್ತೇನೆ ಅಕ್ಕ."

"ಏನಂತ?"

"ಕೊಯ್ಯುದು ನಾನು, ಹಲಗೆ ಆರಿಸುದು ರತ್ನಕ್ಕ ಅಂತ."