ಬಾಗಿದ ಬೆನ್ನು, ಪೂಜೆಯ ಸ್ಟೂಲು

1974ರಲ್ಲಿ ನನಗೆ ನಲವತ್ತಾರು ವರ್ಷ. ನನ್ನ ಬೆನ್ನುಮೂಳೆ ನೆಟ್ಟಗಿಲ್ಲವೆಂದು ತಿಳಿದದ್ದೂ ಆ ವರ್ಷವೇ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ ವೈದ್ಯರು, ಅದು ಎಳವೆಯಿಂದಲೇ ಪಕ್ಕಕ್ಕೆ ಬಾಗಿದೆ ಎಂದರು. ಮೇಷ್ಟ್ರಾಗಿದ್ದಷ್ಟು ಕಾಲವೂ "ನೆಟ್ಟಗೆ ಕೂತ್ಕೊಳ್ರೋ" ಎಂದು ಗದರಿದವನಿಗೆ ಇದು ತುಸು ಮುಜುಗರದ ಸಂಗತಿ. ನಮಗೆ ನೆಟ್ಟಗಿರುವುದರ ಮೇಲೆ ಮೋಹ ಹೆಚ್ಚು: ನೆಟ್ಟಗೆ ಮಾತಾಡು, ನೆಟ್ಟಗೆ ಬದುಕು ಎನ್ನುತ್ತೇವೆ. ಬಳುಕಿ ಹರಿಯುವ ಕಾವೇರಿ ಹೊಳೆ ಮಾತ್ರ ಈ ಉಪದೇಶವನ್ನು ಕೇಳಿಸಿಕೊಂಡಂತಿಲ್ಲ.

ನೋವು ತಡೆಯಲಾರದೆ ವಿಜಯನಗರದ ಫಿಸಿಯೋಥೆರಪಿಸ್ಟ್ ಒಬ್ಬರಲ್ಲಿಗೆ ಹೋದೆ. ಆಕೆ ಕಲಿಸಿದ ವ್ಯಾಯಾಮ ವಿಚಿತ್ರವಾಗಿತ್ತು: ತಗ್ಗು ಬಿದ್ದ ನನ್ನ ಎಡಪಕ್ಕೆಯ ಮೇಲೆ ಮನೆಯವರು ಅಂಗೈ ಇಡಬೇಕು, ಆ ಅಂಗೈಯನ್ನು ಹೊರಕ್ಕೆ ತಳ್ಳುವಂತೆ ನಾನು ಉಸಿರು ತುಂಬಬೇಕು. ಜೊತೆಗೆ, "ನೆಲದ ಮೇಲೆ ಚಕ್ಕಳಮಕ್ಕಳ ಬೇಡ ಸಾರ್. ಸ್ಟೂಲ್ ಮೇಲೆ ಕೂತು, ಒಂದು ಕಡೆಗೆ ಬಟ್ಟೆ ಮಡಚಿ ಹಾಕ್ಕೊಳ್ಳಿ" ಎಂದರು.

ತೊಡಕು ಹುಟ್ಟಿದ್ದು ಇಲ್ಲಿಯೇ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಪೂಜಿಸುವುದು ನಮ್ಮ ಮನೆಯ ಪದ್ಧತಿ. ನಾನು ಆ ಪೂಜೆಯನ್ನು ಕ್ರಮವಾಗಿ ಮುಗಿಸದೆ ಅವ್ವ ಊಟ ಮಾಡಳು. ಹಾವೇರಿಯಿಂದ ರಾಜಾಜಿನಗರಕ್ಕೆ ಬಂದರೂ ಆಕೆ ಬಿಡದ ವ್ರತ ಅದು.

"ಏನಪಾ ಮಾಸ್ತರ, ಕೈಯಾಗ ಲಿಂಗ ಹಿಡ್ಕೊಂಡು ಕ್ಷೌರಕ್ಕ ಕುಂತಂಗ ಕುಂದ್ರತೀಯೇನು?"

"ಚಿಕಿತ್ಸೆ ಮಾಡೋ ಅಕ್ಕಾರು ಹೇಳ್ಯಾರವ್ವ."

"ಆಕಿ ಲಿಂಗವಂತಳೇನು?"

ಅಂದು ನಾನು ಸ್ಟೂಲಿನ ಮೇಲೆಯೇ ಪೂಜೆ ಮುಗಿಸಿದೆ; ಅವ್ವ ಊಟ ಬಿಟ್ಟು ಮಜ್ಜಿಗೆಯಲ್ಲೇ ದಿನ ಕಳೆದಳು. ನೆಲಕ್ಕೆ ಕೂತರೆ ನನ್ನ ಬೆನ್ನು ಕೆಡುತ್ತಿತ್ತು, ಸ್ಟೂಲಿಗೆ ಕೂತರೆ ಅವ್ವನ ಊಟ ತಪ್ಪುತ್ತಿತ್ತು. ನಾನು ನೆಲಕ್ಕೇ ಮರಳಿದೆ. ವಾರದೊಳಗೆ, ಪೂಜೆ ಮುಗಿದ ಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸುವುದು ಹೆಂಡತಿಯ ನಿತ್ಯಕರ್ಮಗಳಲ್ಲಿ ಸೇರಿತು.

ಆಕೆ ತವರಿಗೆ ಹೋದ ದಿನ, ವ್ಯಾಯಾಮಕ್ಕೆ ಅಂಗೈ ಇಡುವವರು ಬೇರೆ ಇರಲಿಲ್ಲ. ಅವ್ವನನ್ನೇ ಕರೆದೆ. ಗೊಣಗುತ್ತ ಬಂದು ಕೈ ಇಟ್ಟವಳು ಪಕ್ಕೆಯನ್ನು ಮತ್ತೊಮ್ಮೆ ಸವರಿ ನೋಡಿದಳು.

"ಇಷ್ಟು ತಗ್ಗು ಬಿದ್ದೈತೇನೋ? ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆನಲ್ಲವ್ವಾ."

"ಹೇಳಿದ್ದಿ, ಬಿಡು. ಉಸಿರು ಎಳಿ."

ಮರುದಿನ ಸ್ನಾನ ಮುಗಿಸಿ ಹೋದರೆ, ದೇವರ ಮನೆಯಲ್ಲಿ ಸ್ಟೂಲು ತೊಳೆದು ಇಟ್ಟಿತ್ತು. ಅದರ ಕಾಲುಗಳಿಗೆ ವಿಭೂತಿಯ ಮೂರು ಪಟ್ಟೆ. ಮೇಲೆ ಒಂದು ಬದಿಗೆ ಅವ್ವನ ಮಡಿ ಸೀರೆಯ ಮಡಿಕೆ.

"ಕುಂದ್ರು. ಲಗೂನ ಮುಗಿಸು, ನನಗ ಹಸಿವಾಗೇತಿ."

ವ್ಯಾಯಾಮದಿಂದ ನೋವು ತಗ್ಗಿತು, ಬಾಗು ಉಳಿಯಿತು. ನೆಟ್ಟಗಾಗದೆಯೂ ಚೆನ್ನಾಗಿ ಕೂರಬಹುದೆಂಬುದನ್ನು ಯಾವ ಶಾಲೆಯಲ್ಲಿಯೂ ನಾವು ಕಲಿಸುವುದಿಲ್ಲ. ನಮ್ಮ ಮನೆಯ ಸ್ಟೂಲಿಗೆ ದೀಕ್ಷೆಯಾದದ್ದು 1974ನೆಯ ಇಸವಿ ನವೆಂಬರ್ 17, ಭಾನುವಾರ.