ವನುವಾಟುವಿನಲ್ಲಿ ಕಂಡ ತೋರಣ

ಸಿಡ್ನಿಯ ಗಿರಾವೀನ್ ಬಡಾವಣೆಯ ನಮ್ಮ ಮನೆಗೆ ಬೀಗ ಹಾಕಿ, ಬಿದ್ದಿದೆಯೇ ಎಂದು ಮೂರು ಸಲ ಎಳೆದು ನೋಡಿದೆ. ನಾನು ಹುಟ್ಟಾ ಪುಕ್ಕಲು. ಮೈಸೂರಿನ ದಸರಾದಲ್ಲಿ ಜೈಂಟ್ ವೀಲ್ ಕೂಡ ಹತ್ತಿದವಳಲ್ಲ. ಗಂಡ ಗಿರೀಶ ಹುಬ್ಬಳ್ಳಿಯವನು, ಭಂಡ ಧೈರ್ಯದವನು. ರೆಸಾರ್ಟು ಬೇಡ, ಟೂರಿಸ್ಟ್‌ಗಳು ಕಾಲಿಡದ ಕಡೆ ಹೋಗೋಣ ಎಂದು ಪೆಸಿಫಿಕ್ ಸಾಗರದ ವನುವಾಟು ದೇಶದ ಒಂದು ಪುಟ್ಟ ಹೊರದ್ವೀಪಕ್ಕೆ ಟಿಕೆಟ್ ಬುಕ್ ಮಾಡಿದ್ದ. ಜೊತೆಗೆ ಹತ್ತು ವರ್ಷದ ಮಗಳು ದಿಯಾ.

ಸಿಡ್ನಿಯಿಂದ ರಾಜಧಾನಿ ಪೋರ್ಟ್ ವಿಲಾಕ್ಕೆ ಮೂರೂವರೆ ಗಂಟೆ. ಅಲ್ಲಿಂದ ಮುಂದೆ ಟೆಂಪೋದಷ್ಟೇ ಇದ್ದ ವಿಮಾನ. ಹತ್ತುವ ಮೊದಲು ಸಾಮಾನಿನ ಜೊತೆ ನಮ್ಮನ್ನೂ ತೂಕಕ್ಕೆ ನಿಲ್ಲಿಸಿದರು. ಮೋಡದೊಳಗೆ ಅದು ಧಡಧಡ ಕುಣಿದಾಗ ಗಿರೀಶನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ಸುಮ್ನ ಕಣ್ಣ ಮುಚ್ಕೊಂಡು ಕುಂಡ್ರು," ಎಂದ. ತಿರುಗಿ ನೋಡಿದರೆ ಅವನೂ ಕಣ್ಣು ಮುಚ್ಚಿದ್ದ.

ಹುಲ್ಲಿನ ಮೈದಾನದಲ್ಲಿ ಇಳಿದು, ಪಿಕಪ್ ಗಾಡಿಯ ಹಿಂದೆ ಗೆಡ್ಡೆಯ ಚೀಲಗಳ ಮೇಲೆ ಕೂತು, ಕೆಸರು ದಾರಿಯಲ್ಲಿ ಲೀನಾ ಎಂಬಾಕೆಯ ಮನೆ ತಲುಪಿದೆವು. ಸಮುದ್ರದ ಪಕ್ಕ ಬಿದಿರಿನ ಗುಡಿಸಲು, ಊಟವೂ ಅವಳದೇ. ಗೆಡ್ಡೆ ತುರಿದು, ತೆಂಗಿನ ಹಾಲು ಹಾಕಿ, ಎಲೆಯಲ್ಲಿ ಸುತ್ತಿ, ಕಾದ ಕಲ್ಲುಗಳ ನಡುವೆ ಬೇಯಿಸಿದ ಲಾಪ್‌ಲಾಪ್ ಬಡಿಸಿದಳು. ಅಜ್ಜಿಯ ಅರಿಶಿನದೆಲೆ ಕಡುಬು ನೆನಪಾಯಿತು. ತೆಂಗು, ಬಾಳೆ, ಚಾಪೆಯ ಮೇಲೆ ಊಟ: ಎಲ್ಲ ನಮ್ಮಂತೆಯೇ ಅಲ್ಲವೇ ಅನ್ನಿಸಿ ಹೆದರಿಕೆ ಅರ್ಧ ಇಳಿಯಿತು. ಅಲ್ಲೇ ಎಡವಿದೆ.

ಮರುದಿನ ಬೆಳಿಗ್ಗೆ ಮರಳಿನ ದಂಡೆಯಲ್ಲಿ ನಡೆದೆವು. ದೊಡ್ಡ ಬಂಡೆಯೊಂದರ ಹತ್ತಿರ ಎರಡು ಗೂಟ ನೆಟ್ಟು, ಅಡ್ಡಲಾಗಿ ಗರಿಗಳಂಥ ಹಸಿರೆಲೆ ಕಟ್ಟಿದ್ದರು. ದಿಯಾ ನಿಂತಳು.

"ಅಮ್ಮಾ, ಆರ್ ವಿ ಅಲೌಡ್?"

"ತೋರಣ ಕಟ್ಟಿದಾರೆ ನೋಡು, ಬಂದವರಿಗೆ ಸ್ವಾಗತ ಅಂತ. ಹೋಗು ಪುಟ್ಟಾ, ಏನೂ ಆಗಲ್ಲ."

ಅವಳು ಎಲೆಯ ಕೆಳಗೆ ನುಸುಳಿ ಬಂಡೆಯಾಚೆ ಮರೆಯಾದಳು. ನಾನು ಚಪ್ಪಲಿಯ ಮರಳು ಕೊಡವುತ್ತಿದ್ದೆ, ಗಿರೀಶ ಹಿಂದೆ ಫೋಟೊ ತೆಗೆಯುತ್ತಿದ್ದ. ಅಷ್ಟರಲ್ಲಿ ಲೀನಾ ತೋಟದಿಂದ ಓಡಿ ಬಂದಳು.

"ಟಾಬು! ಟಾಬು!" ಎಂದು ಕೂಗಿ, ಏದುಸಿರಿನಲ್ಲೇ ಇಂಗ್ಲಿಷಿನಲ್ಲಿ ಹೇಳಿದಳು. ಆ ಎಲೆ ಕಟ್ಟಿದರೆ ಯಾರೂ ದಾಟಬಾರದು. ಮೊನ್ನೆಯಷ್ಟೇ ಊರಿನವನೊಬ್ಬನನ್ನು ಅಲ್ಲಿ ಸಮುದ್ರ ಎಳೆದುಕೊಂಡಿತ್ತು. ನೀರು ಏರಿದರೆ ಬಂಡೆಯಾಚೆ ನಿಲ್ಲಲು ಜಾಗವಿರುವುದಿಲ್ಲ.

ನೀರು ಆಗಲೇ ಏರುತ್ತಿತ್ತು. "ದಿಯಾ!" ಎಂದು ಕಿರುಚಿದೆ. ಗಿರೀಶ ನೀರಿಗೆ ಇಳಿದ. ಒಂದೇ ಅಲೆ ಅವನನ್ನು ಬಂಡೆಗೆ ಬಡಿದು ವಾಪಸ್ ಎಸೆಯಿತು. ಲೀನಾಳ ಗಂಡ ದೋಣಿ ತಳ್ಳಿಕೊಂಡು ಸುತ್ತು ಹಾಕಿ ಹೋದ. ಹುಟ್ಟಿದಾಗಿನಿಂದ ಎಲ್ಲಕ್ಕೂ ಹೆದರಿದವಳು, ಹೆದರಲೇಬೇಕಾದ ಒಂದು ಜಾಗಕ್ಕೆ ಮಗಳನ್ನು ನಾನೇ ಕಳಿಸಿದ್ದೆ.

ದೋಣಿ ಮರಳಿ ಕಂಡಾಗ ಅದರಲ್ಲಿ ಎರಡು ತಲೆಗಳಿದ್ದವು. ದಿಯಾ ಎದೆಮಟ್ಟದ ನೀರಿನಲ್ಲಿ ಬಂಡೆಯ ಸಂದು ಹಿಡಿದು ನಿಂತಿದ್ದಳಂತೆ. ಅಂಗೈ ತುಂಬ ತರಚಿದ ಗಾಯ. ನಾನು ಅಪ್ಪಿಕೊಂಡು ಗೋಳೋ ಎಂದು ಅತ್ತೆ; ಅವಳು ನನ್ನ ಭುಜದ ಮೇಲಿಂದ ಆ ಎಲೆಗಳನ್ನೇ ನೋಡುತ್ತಿದ್ದಳು.

ಎಲೆ ದಾಟಿದ್ದಕ್ಕೆ ಅಲ್ಲೂ ತಪ್ಪುಗಾಣಿಕೆಯುಂಟು. ಸಂಜೆ ಗಿರೀಶ ಅಂಗಡಿಯಿಂದ ಅಕ್ಕಿಯ ಮೂಟೆ ತಂದು ಊರಿನ ಹಿರಿಯರ ಮುಂದಿಟ್ಟು ಕೈಮುಗಿದ. ಅವರು ದಿಯಾಳ ತಲೆ ಸವರಿ, ಆಯಿತು ಎಂದರು.

ಗಿರಾವೀನ್‌ಗೆ ಮರಳಿದಾಗ ಮಳೆ ಹನಿಯುತ್ತಿತ್ತು. ಬಾಗಿಲ ಮೇಲೆ ಯುಗಾದಿಗೆ ಕಟ್ಟಿದ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಹಾಗೇ ಇತ್ತು. ಬೀಗ ತೆಗೆದು "ಬಾ ಪುಟ್ಟಾ" ಎಂದೆ. ದಿಯಾ ಮೆಟ್ಟಿಲಲ್ಲೇ ನಿಂತು ತಲೆಯೆತ್ತಿ ನೋಡಿದಳು.

"ಯು ಗೋ ಫಸ್ಟ್, ಅಮ್ಮಾ."

ನಾನು ದಾಟಿ, ಒಳಗಿನಿಂದ ಕೈ ಚಾಚಿದೆ. ಅವಳು ಅಪ್ಪನ ಕೈ ಹಿಡಿದುಕೊಂಡು ಒಳಗೆ ಬಂದಳು.